ಕನ್ನಡಕದ ನಳಿನಾ

ಎಂಬತ್ತರ ದಶಕದ ಆ ಹಾಡಿಗೆ ನಲವತ್ತು ವರ್ಷ ತುಂಬಿದ ಸಂಭ್ರಮಕ್ಕೆ ಸಭಾಂಗಣ ಕಿಕ್ಕಿರಿದಿತ್ತು. ಕನ್ನಡಕದ ಹುಡುಗಿ ನಳಿನಾಳನ್ನು ಛೇಡಿಸುವ, ಇಂಗ್ಲಿಷ್ ಧಾಟಿಯ ತಮಾಷೆಯ ಹಾಡು. ಅದನ್ನು ಬರೆದು ಹಾಡಿದ್ದ ಗಾಯಕ ಗಿಟಾರ್ ಎತ್ತಿಕೊಳ್ಳುತ್ತಿದ್ದಂತೆ, ಎರಡನೆಯ ಸಾಲಿನಲ್ಲಿ ಗಂಡನ ಪಕ್ಕ ಕೂತಿದ್ದ ಹೆಂಗಸು ಎದ್ದು ಮೈಕ್ ಕೇಳಿದಳು.

“ನನ್ನ ಹೆಸರೂ ನಳಿನಾ. ಆಗ ನಾನೂ ಕನ್ನಡಕ ಹಾಕ್ತಿದ್ದೆ.”

ಸಭೆ ಗೊಳ್ಳೆಂದು ನಕ್ಕಿತು.

“ನಗಬೇಡಿ. ಕಾಲೇಜಿಗೆ ಹೋಗೋ ಬಸ್ಸಲ್ಲಿ ದಿನಾ ಹುಡುಗರು ನನ್ನ ಕನ್ನಡಕ ಕಿತ್ಕೊಂಡು, ಕೈಯಿಂದ ಕೈಗೆ ದಾಟಿಸ್ತಾ ಈ ಹಾಡು ಹಾಡ್ತಿದ್ರು. ಕಂಡಕ್ಟರೂ ತಾಳ ಹಾಕ್ತಿದ್ದ. ಪಿಯುಸಿ ಅರ್ಧಕ್ಕೇ ಬಿಟ್ಟೆ. ಈ ಹಾಡಿಂದ ಹಾಡಿದ ನಿಮಗೆ ಕಾರು ಬಂತು, ನನಗೆ ಮದುವೆ ಆಯ್ತು.”

“ತಮಾಷೆಗೆ ಬರೆದದ್ದಮ್ಮಾ,” ಎಂದ ಗಾಯಕ.

“ಯಾರ ತಮಾಷೆಗೆ?”

ಆತ ಗಿಟಾರನ್ನು ಕೆಳಗಿಟ್ಟ. “ತಪ್ಪಾಯ್ತು ತಾಯಿ. ಇನ್ಮೇಲೆ ಈ ಹಾಡು ಹಾಡಲ್ಲ.”

ಹಿಂದಿನ ಸಾಲುಗಳಲ್ಲಿ ಗೊಣಗಾಟ ಎದ್ದಿತು.

“ಏನಮ್ಮಾ, ನಾವೆಲ್ಲ ಬಂದಿರೋದೇ ಇದನ್ನ ಕೇಳೋಕೆ.”

“ಹಳೇ ಸಿಟ್ಟನ್ನ ಮನೇಲಿ ಇಟ್ಟು ಬರಬಾರದಾ?”

ಗಂಡ ಎದ್ದು ಅವಳ ಕಡೆ ಕೈ ಚಾಚಿದ. ತನ್ನ ಪರವಾಗಿ ಎರಡು ಮಾತಾಡುತ್ತಾನೆಂದುಕೊಂಡು ಅವಳು ಮೈಕ್ ಕೊಟ್ಟು, ಪಕ್ಕಕ್ಕೆ ಸರಿದು ನಿಂತಳು.

“ಬೇಜಾರು ಮಾಡ್ಕೋಬೇಡಿ, ಇವಳು ಸ್ವಲ್ಪ ಹೀಗೇನೇ,” ಎಂದು ಅವನು ನಗುತ್ತಾ ಸಭೆಯ ಕಡೆ ತಿರುಗಿ, ಹಾಡನ್ನು ಮೊದಲ ಸಾಲಿನಿಂದ ಶುರು ಮಾಡಿದ.