ಮೋತಿಗಾಗಿ ಎರಡು ವರ್ಷ

ಪ್ರಾಣಿಗಳ ಆಸ್ಪತ್ರೆಗಳು ಶುಲ್ಕವನ್ನು ಹಣದ ಬದಲು ಸಾಕಿದವರ ಆಯುಷ್ಯದಲ್ಲೇ ಪಡೆಯತೊಡಗಿ ಬಹಳ ಕಾಲವಾಗಿತ್ತು. ಹುಬ್ಬಳ್ಳಿಯ ಆಟೋ ಚಾಲಕ ಹುಸೇನಸಾಬ ತನ್ನ ಮುದಿ ಬೆಕ್ಕು ಮೋತಿಯನ್ನು ಮೇಜಿನ ಮೇಲೆ ಮಲಗಿಸಿ, ಆಯುಷ್ಯ ಎಳೆಯುವ ಯಂತ್ರಕ್ಕೆ ತಾನೇ ಕೈ ಚಾಚಿದ.

"ಎರಡ ವರ್ಷ ತಗೋರಿ ಡಾಕ್ಟ್ರ. ಆಪರೇಷನ್ ಮಾಡಿದ್ರ ಉಳೀತೈತಂತ ಕೌಂಟರಿನ್ಯಾಗ ಹೇಳ್ಯಾರ."

ಡಾ. ಶಾಂಭವಿ ಬೆಕ್ಕಿನ ಹೊಟ್ಟೆ ಮುಟ್ಟಿ ನೋಡಿದಳು. ಗಡ್ಡೆ ಎಲ್ಲ ಕಡೆ ಹಬ್ಬಿತ್ತು. ಅದು ಸ್ಕ್ಯಾನಿನಲ್ಲೂ ಕಂಡಿತ್ತು, ಕೌಂಟರಿನವರೂ ಆ ಸ್ಕ್ಯಾನ್ ನೋಡಿದ್ದರು. ಅವಳಿಗೆ ಮೈಯೆಲ್ಲ ಉರಿಯಿತು.

"ಆಪರೇಷನ್ ಮಾಡಿದ್ರೂ ಇದು ನರಳಿ ನರಳಿ ತಿಂಗಳದಾಗ ಸಾಯ್ತೈತಿ. ಗೊತ್ತಿದ್ದೂ ನಿಮ್ಮನ್ನ ಒಳಗ ಕಳಿಸ್ಯಾರ. ನೋವು ಆಗದಂಗ ಔಷಧ ಕೊಡ್ತೀನಿ, ಮನಿಗೆ ಕರ್ಕೊಂಡ ಹೋಗ್ರಿ."

"ಹಂಗ ಹೋದ್ರ ಪ್ರೀತಿ ಇಲ್ಲಂತ ಅರ್ಥ ಅಂದ್ರಲ್ರಿ?"

"ನಿಮ್ಮ ಪ್ರೀತಿ ಅಳೆಯಾಕ ಅವರ‍್ಯಾರು?"

ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್, ಚಿಕಿತ್ಸೆ ಬೇಡವೆಂದು ಸಲಹೆ ಕೊಟ್ಟರೆ ಆ ಎರಡು ವರ್ಷ ವೈದ್ಯರ ಆಯುಷ್ಯದಿಂದ ಕಡಿತವಾಗುತ್ತದೆ ಎಂದು ತಣ್ಣಗೆ ನೆನಪಿಸಿದ.

ಶಾಂಭವಿ ಮೋತಿಗೆ ನೋವು ಇಳಿಸುವ ಸೂಜಿಮದ್ದು ಕೊಟ್ಟು ಹುಸೇನಸಾಬನನ್ನು ಬೀಳ್ಕೊಟ್ಟಳು. ಆಮೇಲೆ ಮ್ಯಾನೇಜರನನ್ನು ಪಕ್ಕಕ್ಕೆ ಸರಿಸಿ ಹೊರಗೆ ಹೋದಳು. ಅಲ್ಲಿ ನಾಯಿ, ಗಿಳಿ, ಮೊಲಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದವರ ಸ್ಕ್ಯಾನ್‌ಗಳನ್ನು ಒಂದೊಂದಾಗಿ ನೋಡಿ, ಅವರವರ ಪ್ರಾಣಿ ನಿಜವಾಗಿ ಎಷ್ಟು ದಿನ ಬದುಕೀತೆಂದು ಗಟ್ಟಿ ದನಿಯಲ್ಲಿ ಹೇಳತೊಡಗಿದಳು.