ಆರನೇ ನಿಯಮ

"ಕಾಕಾ, ಏನಿದು? ಹನ್ನೊಂದು ವರ್ಷದಿಂದ ನನಗ ಸುಳ್ಳು ಹೇಳ್ಕೋತ ಬಂದೀರಿ?"

ಸುರಪುರದ ತಹಶೀಲ್ದಾರ ಕಚೇರಿ ಎದುರಿನ ತನ್ನ ಝೆರಾಕ್ಸ್ ಅಂಗಡಿಯಲ್ಲಿ ರೇಣುಕಾದೇವಿ ಹಳದಿಯಾಗಿದ್ದ ಹಾಳೆಯೊಂದನ್ನು ಇನಾಯತ ಕಾಕಾ ಮುಂದೆ ಹಿಡಿದಳು. ಮೇಜಿನ ಮೇಲೆ ಭಾನುವಾರದ ಆಟಕ್ಕೆ ಬೋರ್ಡು ಹರಡಿತ್ತು. 'ಕೋಟೆ ಬೇಟೆ' ಅಚ್ಚುಹಾಕುತ್ತಿದ್ದ ಕಂಪನಿ ಬಾಗಿಲು ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಬೋರ್ಡಿನ ತುಂಬ ಅಂಟುಪಟ್ಟಿ, ಕಳೆದುಹೋದ ಕಾಯಿಗಳ ಜಾಗದಲ್ಲಿ ಅಂಗಿ ಗುಂಡಿ. ಆದರೂ ಈ ನಾಲ್ವರ ಆಟ ನಿಂತಿರಲಿಲ್ಲ. ಈಗ ಹತ್ತಿರದ ಕೆಂಭಾವಿ ಊರಿನ ಕೆಲವರು ತಮಗೂ ಒಂದು ಸೆಟ್ ಮಾಡಿಕೊಡಿ ಎಂದು ಕೇಳಿದ್ದರು. ಅದಕ್ಕೆಂದೇ ನಾಲ್ವರಲ್ಲೊಬ್ಬನಾದ ಶರಣಕುಮಾರ ಹೈದರಾಬಾದಿನ ಹಳೇ ಸಾಮಾನಿನ ಬಜಾರೆಲ್ಲ ಜಾಲಾಡಿ ಅಸಲಿ ನಿಯಮಗಳ ಹಾಳೆ ತಂದಿದ್ದ.

ಆರನೇ ನಿಯಮ: ಕಾಯಿಗಳೆಲ್ಲ ಹೋದವರು ಆಟ ಬಿಟ್ಟು ಏಳಬೇಕು.

ಕಾಕಾ ಕಲಿಸಿದ್ದೇ ಬೇರೆ. ಕಾಯಿಗಳೆಲ್ಲ ಹೋದವರಿಗೆ ಎರಡು ಕಾಯಿ ವಾಪಸ್ ಕೊಟ್ಟು ಕೂಡಿಸಿಕೊಳ್ಳಬೇಕು. ಆ ಲಾಭ ಹೆಚ್ಚಾಗಿ ಸಿಗುತ್ತಿದ್ದದ್ದು ರೇಣುಕಾದೇವಿಗೇ.

"ಪಾಪ ಅಂತ ಬಿಟ್ಟುಕೊಟ್ರೇನು ನನಗ?" ಎಂದಳು ಅವಳು.

"ಪಾಪ ಎಲ್ಲಿಂದು ಯವ್ವಾ? ಗರಜು ನಮ್ಮದಿತ್ತು," ಎಂದರು ಗಡಿಯಾರ ರಿಪೇರಿಯ ಕಾಕಾ. "ನಮ್ಮ ಜೋಡಿ ಆಡ್ತಿದ್ದ ವೆಂಕಟಪ್ಪ ಊರು ಬಿಟ್ಟಿದ್ದ. ನಾಕು ಮಂದಿ ಇಲ್ಲಂದ್ರ ಈ ಆಟ ಶುರುನೇ ಆಗಂಗಿಲ್ಲ. ನೀ ಬಂದ ಮೊದಲ್ನೇ ದಿನ ಹತ್ತು ಮಿನಿಟಿನ್ಯಾಗ ಎಲ್ಲಾ ಕಾಯಿ ಕಳಕೊಂಡು ಚೀಲ ಹೆಗಲಿಗೆ ಹಾಕ್ದಿ. ಇಕಿ ಈಗ ಎದ್ದು ಹೋದ್ರ ತಿರುಗಿ ಬರಂಗಿಲ್ಲ ಅನ್ನಿಸ್ತು. ಬಾಯಿಗೆ ಬಂದದ್ದೇ ರೂಲ್ ಅಂದೆ."

"ನಮಗೂ ಗೊತ್ತಿತ್ತವಾ," ಎಂದು ನಾಲ್ಕನೆಯವಳಾದ ಮೌನಮ್ಮ ಟೀಚರ್ ನಕ್ಕಳು.

ರೇಣುಕಾದೇವಿಯ ಗಂಡ ತೀರಿಕೊಂಡ ವರ್ಷ ಅದು. ಊರಲ್ಲಿ ಅವಳಿಗೆ ಗುರುತಿದ್ದವರೆಂದರೆ ಝೆರಾಕ್ಸಿಗೆ ಬರುವ ಗಿರಾಕಿಗಳಷ್ಟೇ. ಅಂದು ಎದ್ದು ಹೋಗಿದ್ದರೆ ಅವಳು ಖಂಡಿತ ತಿರುಗಿ ಬರುತ್ತಿರಲಿಲ್ಲ. ಈ ಮೂವರೂ ತನ್ನವರು ಅನ್ನಿಸಿ ಎದೆ ತುಂಬಿ ಬಂತು. ಕಂಪ್ಯೂಟರಿನ ಮುಂದೆ ಕೂತು ಟೈಪ್ ಮಾಡತೊಡಗಿದಳು.

"ಕೆಂಭಾವಿಯವ್ರಿಗೆ ಅಸಲಿ ರೂಲೇ ಕಳಿಸ್ಬೇಕಲ್ಲಕ್ಕಾ?" ಶರಣಕುಮಾರ ಕೇಳಿದ.

ಉತ್ತರ ಪ್ರಿಂಟರಿನಿಂದ ಬಂತು. ಆರನೇ ನಿಯಮ: ಸೋತವರಿಗೆ ಎರಡು ಕಾಯಿ ಕೊಡಿ. ಏಳಲು ಬಿಡಬೇಡಿ.

ಆ ಭಾನುವಾರದ ಆಟದಲ್ಲಿ ಮೊದಲು ಕಾಯಿಗಳೆಲ್ಲ ಕಳೆದುಕೊಂಡವರು ಕಾಕಾನೇ. "ಅಸಲಿ ರೂಲ್ ಪ್ರಕಾರ ನಾ ನಡೀಬೇಕು," ಎಂದು ಚೇಷ್ಟೆಗೆ ಟೊಪ್ಪಿಗೆ ಎತ್ತಿಕೊಂಡರು.

ರೇಣುಕಾದೇವಿ ಎರಡು ಅಂಗಿ ಗುಂಡಿಗಳನ್ನು ಅವರ ಕಡೆ ಸರಿಸಿದಳು.

"ಕೂಡ್ರಿ ಕಾಕಾ."