ಗೊತ್ತಿಲ್ಲ ಅಂದ ದಿನ

“ಈಗ ಅವ್ರು ಎಲ್ಲಿ ಅದಾರ್ರಿ?” ಎಂದು ಶೇವಂತಾಬಾಯಿ ಕೇಳಿದ್ದೇ ತಡ, ಧಮ್ಮಪಾಲನ ಕೈಯಲ್ಲಿದ್ದ ಮೈಕು ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ತೀರಿಹೋದ ಗಂಡ ದೇವಿಂದ್ರಪ್ಪನ ನೆನಪಿನ ಪುಣ್ಯಾನುಮೋದನೆಗೆ ಬಿಳಿ ಸೀರೆಯುಟ್ಟು ಕುಳಿತ ಹೆಂಗಸು ಪ್ರವಚನದ ನಡುವೆ ಬಾಯಿ ಹಾಕಿದ್ದು ಕೊಹಿನೂರು ಹಳ್ಳಿಯಲ್ಲಿ ಇದೇ ಮೊದಲು.

ಧಮ್ಮಪಾಲ ಬೌದ್ಧಾಚಾರ್ಯ. ಬಸವಕಲ್ಯಾಣದ ಸುತ್ತ ಯಾರ ಮನೆಯಲ್ಲಿ ಸಾವಾದರೂ ಬುದ್ಧವಂದನೆ ಹೇಳಿಸಿ, ಯಾವ ಪ್ರಶ್ನೆಗೂ ತಡವರಿಸದೆ ಮಾತಾಡಿ ಬಂದವನು. ಈಗಲೂ ಉತ್ತರಗಳು ನಾಲಿಗೆಯ ತುದಿಯಲ್ಲೇ ಇದ್ದವು. ಆದರೆ ಶೇವಂತಾಬಾಯಿಯ ಕಣ್ಣುಗಳನ್ನು ನೋಡಿದಾಗ ಅವೆಲ್ಲ ಯಾರೋ ಹೇಳಿಕೊಟ್ಟ ಮಾತು ಎನ್ನಿಸಿತು. ಪೆಂಡಾಲಿಗೆ ಪೆಂಡಾಲೇ ಅವನತ್ತ ನೋಡುತ್ತಿತ್ತು.

“ನನಗ ಗೊತ್ತಿಲ್ರಿ ವೈನಿ,” ಎಂದ. “ನಮ್ಮ ಬುದ್ಧಿ ಅಲ್ಲೀತನಾ ಹೋಗಂಗಿಲ್ಲ.”

ಮರ್ಯಾದೆ ಹೋಯಿತೆಂದು ತಲೆ ತಗ್ಗಿಸಿದವನಿಗೆ ಕೇಳಿಸಿದ್ದು ಶೇವಂತಾಬಾಯಿಯ ನಗು. “ಬಂದಬಂದವ್ರೆಲ್ಲ ಕಣ್ಣಾರೆ ನೋಡಿ ಬಂದವ್ರಂಗ ಹೇಳಾಕತ್ತಿದ್ರು. ನೀವೊಬ್ರು ಖರೇ ಹೇಳಿದ್ರಿ,” ಎನ್ನುತ್ತ ಎದ್ದು ಬಂದು ಅವನ ಕೈಯಿಂದ ಮೈಕು ತೆಗೆದುಕೊಂಡಳು. ಎದೆಯ ಮೇಲಿನ ಬಂಡೆ ಇಳಿದಂತಾಗಿ ಧಮ್ಮಪಾಲ ಹೋಗಿ ಜನರ ನಡುವೆ ಜಮಖಾನೆಯ ಮೇಲೆ ಕುಳಿತ.

“ಎಲ್ಲಿ ಅದಾರಂತ ಯಾರಿಗೂ ಗೊತ್ತಿಲ್ಲ.” ಶೇವಂತಾಬಾಯಿಯ ದನಿ ಊರಿಗೆಲ್ಲ ಕೇಳಿಸಿತು. “ಹ್ಯಾಂಗ ಇದ್ರು ಅಂಬೋದು ನನಗ ಗೊತ್ತದ. ಕೇಳ್ರಿ.”